ನೆರೆಹೊರೆಯ ಅಂತರ: ಕೊಚ್ಚಿಯ ಸೈಕಲ್ ಹಾದಿಯಲ್ಲೊಂದು ಸಂವಾದ

ಕೊಚ್ಚಿಯ ಹಳೆಯ ಭಾಗ ಸಂಜೆಯ ಸೈಕಲ್ ಸವಾರಿಗೆ ಹೇಳಿ ಮಾಡಿಸಿದ ಜಾಗ. ನೆಲ ಸಮತಟ್ಟು, ಗಲ್ಲಿಗಳು ಕಿರಿದು, ಬಿಸಿಲು ಇಳಿಯುವ ಹೊತ್ತಿಗೆ ದೇವಸ್ಥಾನಗಳ ಬಾಗಿಲು ತೆರೆದಿರುತ್ತದೆ. ಫೋರ್ಟ್ ಕೊಚ್ಚಿಯ ಚೀನಾ ಬಲೆಗಳಿಂದ ಮಟ್ಟಾಂಚೇರಿಯ ಜ್ಯೂ ಟೌನಿನವರೆಗೆ ಕೆಲವೇ ಕಿಲೋಮೀಟರು. ಅಷ್ಟರಲ್ಲೇ ಪೋರ್ಚುಗೀಸರ ಇಗರ್ಜಿ, ತಮಿಳು ಮೂಲದ ವಣ್ಣಾರರ ಧೋಬಿಖಾನೆ, ಗೋವೆ ಬಿಟ್ಟು ಬಂದ ಕೊಂಕಣಿಗರ ಚೆರ್ಲಾಯಿ, ಗುಜರಾತಿ ರೋಡು, ಜೈನ ಮಂದಿರ, ಕಚ್ಛೀ ಮುಸ್ಲಿಮರ ಮಸೀದಿ, 1568ರಲ್ಲಿ ಕಟ್ಟಿದ ಯಹೂದಿಗಳ ಪರದೇಶಿ ಸಿನಗಾಗ್ ಎಲ್ಲವೂ ಬರುತ್ತವೆ. ಇಷ್ಟು ಬಗೆಯ ಜನ ಇಷ್ಟು ಹತ್ತಿರ ಹೇಗೆ ಬಾಳಿದರು ಎಂಬುದೇ ಈ ಸಂವಾದದ ವಿಷಯ. ಮಾತಾಡುವವರು ಇಬ್ಬರು: ಮಂಗಳೂರಿನಲ್ಲಿ ಕಾಲೇಜು ಓದಿದ ಚೆರ್ಲಾಯಿಯ ಕೊಂಕಣಿ ಮಾರ್ಗದರ್ಶಿ, ಮಂಗಳೂರಿನಿಂದ ಬಂದ ನಿವೃತ್ತ ಇತಿಹಾಸ ಟೀಚರು.

ಟೀಚರ್: ಒಂದೇ ಸಂಜೆಗೆ ಏಳೆಂಟು ಸಮುದಾಯ ನೋಡಿದೆವು ಅಂತ ಊರಿಗೆ ಹೋಗಿ ಹೇಳಬಹುದು. ಆದರೆ ನೋಡಿದ್ದು ಬರೇ ಬಾಗಿಲುಗಳನ್ನಲ್ಲವೇ?

ಮಾರ್ಗದರ್ಶಿ: ಬಾಗಿಲುಗಳನ್ನೇ ನೋಡಬೇಕು, ಟೀಚರ್. ಇಲ್ಲಿ ಒಬ್ಬೊಬ್ಬರಿಗೂ ಅವರವರದೇ ಬಾಗಿಲು. ಚೆರ್ಲಾಯಿಯ ಮನೆಗಳಲ್ಲಿ ಇವತ್ತಿಗೂ ಕೊಂಕಣಿ, ಗುಜರಾತಿ ರೋಡಿನಲ್ಲಿ ಗುಜರಾತಿ. ಅಡುಗೆ ಬೇರೆ, ಮದುವೆ ಬೇರೆ. ನೂರಾರು ವರ್ಷ ಅಕ್ಕಪಕ್ಕ ಇದ್ದರೂ ಯಾರೂ ಯಾರಲ್ಲೂ ಕರಗಿಹೋಗಲಿಲ್ಲ. ಶಾಂತಿ ಉಳಿದದ್ದು ಅದರಿಂದಲೇ ಅಂತ ನನ್ನ ನಂಬಿಕೆ.

ಚಿಂತಕ ಆಶಿಶ್ ನಂದಿ 2000ದಲ್ಲಿ ಪ್ರಕಟವಾದ ಕೊಚ್ಚಿಯ ಕುರಿತ ಪ್ರಬಂಧದಲ್ಲಿ ಇದಕ್ಕೆ ಹತ್ತಿರದ ವಾದ ಹೂಡಿದ್ದಾರೆ. ಇಲ್ಲಿಯ ಸಮುದಾಯಗಳು ಒಂದರ ಬಗ್ಗೆ ಒಂದು ಇಟ್ಟುಕೊಂಡ ಪೂರ್ವಗ್ರಹಗಳನ್ನು ಬಿಡಲಿಲ್ಲ, ಅವು ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗಲೂ ಬಿಡಲಿಲ್ಲ. ಪರಸ್ಪರ ಪ್ರೀತಿ ಹುಟ್ಟುವ ತನಕ ಕಾಯದ ನೆರೆತನ ಅದು. ಈ ವಾದಕ್ಕೆ ಬಲವಿದೆ. ಪ್ರೀತಿಯನ್ನು ಷರತ್ತಾಗಿ ಇಟ್ಟ ಊರುಗಳು ಎಷ್ಟೋ ಸಲ ಬೇಗ ಮುರಿದಿವೆ.

ಟೀಚರ್: ಅಂತರವೇ ಶಾಂತಿಗೆ ಕಾರಣ ಅಂದರೆ ಜಾತಿಯನ್ನು ಹೊಗಳಿದಂತೆ ಆಗುತ್ತದಲ್ಲ?

ಮಾರ್ಗದರ್ಶಿ: ಅಂತರ ಒಂದೇ ಇದ್ದಿದ್ದರೆ ಹೌದು. ವ್ಯಾಪಾರವೂ ಇತ್ತು. ಕರಿಮೆಣಸು ಕೊಳ್ಳುವವ, ತೂಗುವವ, ಸಾಲ ಕೊಡುವವ, ಹಡಗಿಗೆ ಹೊರುವವ ಬೇರೆ ಬೇರೆ ಬೀದಿಯವರು. ಒಬ್ಬ ಮಾತಿಗೆ ತಪ್ಪಿದರೆ ನಾಲ್ಕು ಬೀದಿಗೆ ನಷ್ಟ. ಮೇಲಿಂದ ಕೊಚ್ಚಿಯ ರಾಜರ ಆಸರೆ. ಸಿನಗಾಗಿಗೆ ರಾಜರು ಕೊಟ್ಟ ಜಾಗ ಅರಮನೆಯ ಗುಡಿಗೆ ಒತ್ತಿಕೊಂಡೇ ಇದೆ.

ಟೀಚರ್: ಆ ಸಿನಗಾಗಿನ ಒಳಗೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತಿದ್ದರೇ?

ಈ ಪ್ರಶ್ನೆಗೆ ಇತಿಹಾಸದ ಉತ್ತರ ಕಠಿಣವಾಗಿದೆ. ಪರದೇಶಿ ಯಹೂದಿಗಳ ಮನೆಗಳಲ್ಲಿ ದಾಸ್ಯದಿಂದ ಬಿಡುಗಡೆಯಾದವರ ವಂಶಸ್ಥರೂ ಅದೇ ಸಿನಗಾಗಿಗೆ ಬರುತ್ತಿದ್ದರು. ದೇವರು ಒಬ್ಬನೇ, ಪ್ರಾರ್ಥನೆಯೂ ಒಂದೇ. ಆದರೂ ಅವರು ಬೆಂಚಿನ ಮೇಲೆ ಕೂರುವಂತಿರಲಿಲ್ಲ, ಧರ್ಮಗ್ರಂಥ ಟೋರಾ ಓದುವ ಗೌರವ ಅವರಿಗಿರಲಿಲ್ಲ. ಆ ವಂಶದಲ್ಲಿ ಹುಟ್ಟಿ ವಕೀಲರಾದ ಎ. ಬಿ. ಸೇಲಂ (1882–1967) ಗಾಂಧಿಯ ದಾರಿ ಹಿಡಿದು ಸಿನಗಾಗಿನೊಳಗೇ ಸತ್ಯಾಗ್ರಹ ಹೂಡಿದರು. ಹಕ್ಕುಗಳು ಒಂದೊಂದಾಗಿ ಸಿಗಲು ವರ್ಷಗಳೇ ಹಿಡಿದವು. 1948ರ ನಂತರ ಕೊಚ್ಚಿಯ ಯಹೂದಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೊರಟುಹೋದರು.

ಮಾರ್ಗದರ್ಶಿ: ಸೇಲಂ ಅವರ ಕಥೆ ನಾನೂ ಹೇಳುತ್ತೇನೆ. ಆದರೆ ಅದು ಒಂದೇ ಮನೆಯೊಳಗಿನ ಅನ್ಯಾಯ. ಎರಡು ಮನೆಗಳ ನಡುವಿನ ಅಂತರ ಬೇರೆ.

ಟೀಚರ್: ಧೋಬಿಖಾನೆ ಯಾವ ಲೆಕ್ಕಕ್ಕೆ?

ಅಲ್ಲಿಯ ಕೆಲಸ ಹತ್ತಿರದಿಂದ ನೋಡಬೇಕಾದದ್ದು. ಸಾಲು ಸಾಲಾಗಿ ಒಗೆಯುವ ತೊಟ್ಟಿಗಳು. ಹಿಂದೆ ಬಯಲಿನಲ್ಲಿ ಜೋಡಿ ಹುರಿಯ ಹಗ್ಗಗಳು. ಹುರಿಗಳ ನಡುವೆ ಬಟ್ಟೆಯ ಅಂಚು ಸಿಕ್ಕಿಸಿದರೆ ಸಾಕು, ಗಾಳಿಗೂ ಜಾರುವುದಿಲ್ಲ, ಕ್ಲಿಪ್ಪು ಬೇಡ. ಸಂಜೆ ಭಾರದ ಇಸ್ತ್ರಿಪೆಟ್ಟಿಗೆಯ ಸರದಿ. ಡಚ್ಚರ ಸಿಪಾಯಿಗಳ ಬಟ್ಟೆ ಒಗೆಯಲು ತಮ್ಮ ಹಿರಿಯರನ್ನು ಕರೆತಂದರೆಂದು ವಣ್ಣಾರರು ಹೇಳುತ್ತಾರೆ.

ಟೀಚರ್: ರಾಜರು ಯಹೂದಿಗಳಿಗೆ ಜಾಗ ಕೊಟ್ಟರು, ಡಚ್ಚರು ಇವರಿಗೆ ಕೆಲಸ ಕೊಟ್ಟರು. ಎರಡೂ ಬೀದಿ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಹಾಗಾಗಿ ನಾನು ಕೇಳುವುದು ಇಷ್ಟೇ: ಅಂತರ ದಾಟಬೇಕು ಅನ್ನುವವರನ್ನು ದಾಟಲು ಬಿಡುತ್ತಾರೆಯೇ?

ಮಾರ್ಗದರ್ಶಿ: ಎಲ್ಲರೂ ಎಲ್ಲವನ್ನೂ ದಾಟಿದರೆ ನಮ್ಮಂಥ ಸಣ್ಣ ಸಮುದಾಯ ಉಳಿಯುವುದು ಹೇಗೆ, ಟೀಚರ್? ಗೋವೆಯಿಂದ ದೇವರು, ಭಾಷೆ ಎರಡನ್ನೂ ಹೊತ್ತು ತಂದವರು ನಾವು.

ಟೀಚರ್: ಅದಕ್ಕೂ ನಮ್ಮ ಕಡೆಯಲ್ಲೇ ಒಂದು ತೀರ್ಪು ಇದೆ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆ.

1958ರ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ದೇವಸ್ಥಾನ ಕೊಂಕಣಿ ಮಾತಾಡುವ ಗೌಡ ಸಾರಸ್ವತ ಪಂಗಡದ್ದೇ ಎಂದು ಒಪ್ಪಿತು. ಆದರೂ ಉಳಿದ ಹಿಂದೂಗಳನ್ನು ಪೂರ್ತಿ ಹೊರಗಿಡುವ ಹಕ್ಕು ಅವರಿಗಿಲ್ಲ ಎಂದಿತು. ಪಂಗಡದವರಿಗಷ್ಟೇ ಸಲ್ಲುವ ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಇತರರ ಪ್ರವೇಶವನ್ನು ತಡೆಯಬಹುದು ಎಂದೂ ಹೇಳಿತು.

ಮಾರ್ಗದರ್ಶಿ: ಅಂದರೆ ನಮ್ಮದು ಅನ್ನುವುದಕ್ಕೂ ಜಾಗ ಉಳಿಯಿತು.

ಟೀಚರ್: ಉಳಿಯಿತು. ಆದರೆ ಬಾಗಿಲು ಯಾವಾಗ ಮುಚ್ಚಬಹುದು ಅಂತ ಒಳಗಿದ್ದವರೊಬ್ಬರೇ ತೀರ್ಮಾನಿಸುವಂತಿಲ್ಲ.

ಮಾರ್ಗದರ್ಶಿ: ಧೋಬಿಖಾನೆಗೆ ಈ ತೀರ್ಪು ಸಾಲದು. ಅಲ್ಲಿ ದಾಟಬೇಕಾದದ್ದು ಗುಡಿಯ ಬಾಗಿಲಲ್ಲ, ಕಸುಬು.

ಟೀಚರ್: ಹೌದು. ಅಲ್ಲಿಯ ಎಷ್ಟು ಮಕ್ಕಳು ಬೇರೆ ಕೆಲಸ ಹಿಡಿದರು, ಹಿಡಿದ ಮೇಲೆ ಈ ಬೀದಿಗಳಲ್ಲಿ ಅವರಿಗೆ ಬಾಡಿಗೆ ಮನೆ ಸಿಕ್ಕಿತೇ ಅಂತ ಅವರನ್ನೇ ಕೇಳಬೇಕು. ಸವಾರರು ಸೈಕಲ್ ಇಳಿದು ಫೋಟೊ ತೆಗೆಯುವ ಮೊದಲು ಅದನ್ನು ಕೇಳುವಷ್ಟು ಹೊತ್ತು ನಿಮ್ಮ ಸವಾರಿಯಲ್ಲಿ ಇರಲಿ.