ಮೂರನೆಯವರ ಸಹಿ

ವಾಟರ್‌ಗೇಟ್ ಕತೆ ಹೇಳುವವರು ಸಾಮಾನ್ಯವಾಗಿ ಸಂವಿಧಾನ ಗೆದ್ದಿತು ಎಂದು ಮುಗಿಸುತ್ತಾರೆ. ನನ್ನನ್ನು ಕಾಡುವುದು ಗೆಲುವಿಗೆ ಮುಂಚಿನ ಒಂದು ಶನಿವಾರದ ಸಂಜೆ, 1973ರ ಅಕ್ಟೋಬರ್ 20.

ಶ್ವೇತಭವನದ ಟೇಪುಗಳು ಬೇಕೇಬೇಕೆಂದು ವಿಶೇಷ ಪ್ರಾಸಿಕ್ಯೂಟರ್ ಆರ್ಚಿಬಾಲ್ಡ್ ಕಾಕ್ಸ್ ಪಟ್ಟು ಹಿಡಿದಿದ್ದರು. ಅವರನ್ನು ವಜಾ ಮಾಡುವಂತೆ ಅಧ್ಯಕ್ಷ ನಿಕ್ಸನ್ ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್‌ಸನ್‌ಗೆ ಆದೇಶಿಸಿದರು. ರಿಚರ್ಡ್‌ಸನ್ ರಾಜೀನಾಮೆ ಕೊಟ್ಟರು. ಅವರ ಕೆಳಗಿದ್ದ ವಿಲಿಯಂ ರಕಲ್ಸ್‌ಹೌಸ್ ಕೂಡ ಒಲ್ಲೆನೆಂದು ಹೊರಬಿದ್ದರು. ಸರದಿಯಲ್ಲಿ ಮೂರನೆಯವರು ಸಾಲಿಸಿಟರ್ ಜನರಲ್ ರಾಬರ್ಟ್ ಬೋರ್ಕ್. ಅವರು ಸಹಿ ಹಾಕಿದರು.

ಮೊದಲಿಬ್ಬರು ಧೀರರು, ಮೂರನೆಯವರು ಹೇಡಿ ಎಂದುಬಿಡುವುದು ಸುಲಭ. ನಾನೂ ಬಹುಕಾಲ ಹಾಗೇ ನಂಬಿದ್ದೆ. ಆದರೆ ಕಾಕ್ಸ್ ಅವರ ಸ್ವಾತಂತ್ರ್ಯ ಕಾಯುತ್ತೇನೆಂದು ಸೆನೆಟ್‌ಗೆ ಮಾತು ಕೊಟ್ಟಿದ್ದವರು ರಿಚರ್ಡ್‌ಸನ್. ಬೋರ್ಕ್ ಅಂಥ ಮಾತು ಕೊಟ್ಟಿರಲಿಲ್ಲ. ಸಹಿ ಹಾಕಿ ತಾನೂ ಹೊರಡುವ ಯೋಚನೆ ಅವರಿಗಿತ್ತು. ಇಲಾಖೆಗೆ ದಿಕ್ಕಿಲ್ಲದಂತಾಗಬಾರದು, ಉಳಿಯಿರಿ ಎಂದವರಲ್ಲಿ ಸ್ವತಃ ರಿಚರ್ಡ್‌ಸನ್ ಇದ್ದರು! ಒಬ್ಬರ ಕೈ ಶುದ್ಧವಾಗಿ ಉಳಿಯಲು ಇನ್ನೊಬ್ಬರ ಕೈಗೆ ಮಸಿ ಹತ್ತಬೇಕಾಯಿತೆ?

ಅಷ್ಟಾದರೂ ಬೋರ್ಕ್ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. 'ನಾನಲ್ಲದಿದ್ದರೆ ಇನ್ನೊಬ್ಬರು ಮಾಡುತ್ತಾರೆ' ಎಂಬ ಮಾತು ಅವರಿಗೆ ಸರಿಯಾದರೆ ಸರದಿಯ ಮೊದಲಿಗರಿಗೂ ಸರಿಯೇ. ಆಗ ಯಾರ ನಿರಾಕರಣೆಗೂ ಅರ್ಥವಿರುವುದಿಲ್ಲ. ನಿಜ, ಇಬ್ಬರ ನಿರಾಕರಣೆಯಿಂದ ಕಾಕ್ಸ್ ಹುದ್ದೆ ಉಳಿಯಲಿಲ್ಲ. ಆದರೆ ರಿಚರ್ಡ್‌ಸನ್ ತೆಪ್ಪಗೆ ಸಹಿ ಹಾಕಿದ್ದರೆ ಅದೊಂದು ಕಚೇರಿ ಆದೇಶವಾಗಿ ಕಡತ ಸೇರುತ್ತಿತ್ತೇನೊ. ಇಬ್ಬರು ಎದ್ದು ಹೋದದ್ದರಿಂದ ದೇಶ ತಿರುಗಿ ನೋಡಿತು. ವಾಷಿಂಗ್ಟನ್‌ಗೆ ಟೆಲಿಗ್ರಾಂಗಳ ಮಳೆಯಾಯಿತು, ಪ್ರತಿನಿಧಿ ಸಭೆಯಲ್ಲಿ ಮಹಾಭಿಯೋಗದ ನಿರ್ಣಯಗಳು ಬಂದವು. ಕೆಲವೇ ದಿನಗಳಲ್ಲಿ, ನ್ಯಾಯಾಲಯ ಕೇಳಿದ್ದ ಟೇಪುಗಳನ್ನು ಕೊಡಲು ನಿಕ್ಸನ್ ಒಪ್ಪಬೇಕಾಯಿತು.

ಆಮೇಲಿನದು ಗೊತ್ತಿರುವುದೇ. ಹೊಸ ಪ್ರಾಸಿಕ್ಯೂಟರ್ ಲಿಯಾನ್ ಜವೊರ್ಸ್ಕಿ ಕೇಳಿದ ಮತ್ತಷ್ಟು ಟೇಪುಗಳನ್ನು ಒಪ್ಪಿಸಬೇಕೆಂದು 1974ರ ಜುಲೈ 24ರಂದು ಸುಪ್ರೀಂ ಕೋರ್ಟಿನ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅವರಲ್ಲಿ ಮೂವರು ನಿಕ್ಸನ್ ನೇಮಿಸಿದವರೇ. ಆಗಸ್ಟ್ 9ರಂದು ಅವರು ಕುರ್ಚಿ ಬಿಟ್ಟರು.

ಆದರೆ ಆ ಶನಿವಾರ ಕೋರ್ಟು ಮುಚ್ಚಿತ್ತು. ಕಾಕ್ಸ್‌ಗೆ ರಕ್ಷಣೆಯಾಗಿದ್ದದ್ದು ಗುರುತರ ತಪ್ಪಿಲ್ಲದೆ ಅವರನ್ನು ತೆಗೆಯಕೂಡದು ಎಂಬ ಇಲಾಖೆಯ ಒಂದು ನಿಯಮ ಮತ್ತು ಒಬ್ಬ ಮನುಷ್ಯನ ಮಾತು. ಆ ನಿಯಮ ಜಾರಿಯಲ್ಲಿದ್ದುದರಿಂದ ವಜಾ ಕಾನೂನುಬಾಹಿರ ಎಂದು ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ತೀರ್ಪಿತ್ತರು. ಅಷ್ಟರಲ್ಲಿ ಕಾಕ್ಸ್ ಜಾಗಕ್ಕೆ ಜವೊರ್ಸ್ಕಿ ಬಂದಾಗಿತ್ತು.