ಯಂತ್ರವನ್ನು ಕೆಡಿಸುವುದು ಧರ್ಮವೆ?

ಕಣ್ಣೆದುರಿಗೆ ಅನ್ಯಾಯವು ನಡೆಯುತ್ತಿರುವಾಗ ಸುಮ್ಮನಿರುವುದು ಒಂದು ದೋಷ. ಅದನ್ನು ತಡೆಯುವ ಆತುರದಲ್ಲಿ ತಾನೇ ಅನ್ಯಾಯಕ್ಕೆ ಕೈಯಿಕ್ಕುವುದು ಇನ್ನೊಂದು ದೋಷ. ಇವೆರಡರ ನಡುವಣ ದಾರಿಯು ಬಲು ಇಕ್ಕಟ್ಟಾದುದು. ಮನುಷ್ಯನಿಂದ ಮನುಷ್ಯನಿಗೆ ಆಗುವ ಅನ್ಯಾಯದ ವಿಷಯದಲ್ಲಿ ಈ ವಿಚಾರವನ್ನು ಹಿರಿಯರು ಬಹುಕಾಲದಿಂದ ಮಾಡಿದ್ದಾರೆ. ನದಿ, ಬೆಟ್ಟ, ಕಾಡು ಮೊದಲಾದ ಬಾಯಿಲ್ಲದವುಗಳಿಗೆ ಅನ್ಯಾಯವಾದಾಗ ಅವುಗಳ ಪರವಾಗಿ ಮನುಷ್ಯನು ಎಲ್ಲಿಯವರೆಗೆ ಹೋಗಬಹುದು? ಅಮೆರಿಕದ ಲೇಖಕನಾದ ಎಡ್ವರ್ಡ್ ಆಬಿಯ ಬಾಳು ಬರಹಗಳು ಈ ಪ್ರಶ್ನೆಯನ್ನೇ ಸುತ್ತಿಕೊಂಡಿವೆ.

ಆತನು 1927ರಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಜನಿಸಿದನು. ತಂದೆಯು ಬೇಸಾಯಗಾರ; ತಾಯಿಯು ಶಾಲೆಯ ಉಪಾಧ್ಯಾಯಿನಿ. 1944ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ದಾರಿಯಲ್ಲಿ ಸಿಕ್ಕ ವಾಹನಗಳನ್ನೇರಿ ಪಶ್ಚಿಮದ ಮರುಭೂಮಿಯನ್ನು ಕಂಡನು. ಅಂದು ಅದು ಹಿಡಿದ ಮನಸ್ಸನ್ನು ಕೊನೆಯವರೆಗೂ ಬಿಡಲಿಲ್ಲ. ಸೈನ್ಯದಿಂದ ಬಿಡುಗಡೆಯಾದ ಬಳಿಕ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ವ್ಯಾಸಂಗಮಾಡಿದನು. ಅಲ್ಲಿ ಆತನು ಬರೆದ ಪ್ರಬಂಧದ ವಿಷಯವು ಅರಾಜಕತಾವಾದ ಮತ್ತು ಹಿಂಸೆಯ ನೈತಿಕತೆ.

1956 ಮತ್ತು 1957ರಲ್ಲಿ ಯೂಟಾ ಸಂಸ್ಥಾನದ ಆರ್ಚಸ್ ಎಂಬ ರಕ್ಷಿತ ಪ್ರದೇಶದಲ್ಲಿ ಆತನು ಕಾವಲುಗಾರನಾಗಿದ್ದನು. ಆ ಏಕಾಂತದ ಫಲವೇ 1968ರಲ್ಲಿ ಹೊರಬಂದ ‘ಡೆಸರ್ಟ್ ಸಾಲಿಟೇರ್’ ಎಂಬ ಗ್ರಂಥ. ಆ ಪ್ರದೇಶದಲ್ಲಿ ಹೊಸ ರಸ್ತೆಗಾಗಿ ಅಳತೆಗಾರರು ನೆಟ್ಟುಹೋದ ಗೂಟಗಳನ್ನು ತಾನು ಕಿತ್ತುಹಾಕಿದ ಸಂಗತಿಯನ್ನು ಆತನು ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಕೊಲೊರಾಡೊ ನದಿಯ ಗ್ಲೆನ್ ಕಣಿವೆಯು ಮುಳುಗುವ ಮುನ್ನ, 1959ರಲ್ಲಿ, ಗೆಳೆಯನೊಡನೆ ಅದರಲ್ಲಿ ತೇಲಿಹೋದ ಪ್ರಯಾಣದ ವರ್ಣನೆಯೂ ಅಲ್ಲಿದೆ. 1963ರಲ್ಲಿ 710 ಅಡಿ ಎತ್ತರದ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿ, ಕಣಿವೆಯು ಕ್ರಮೇಣ ಕಣ್ಮರೆಯಾಯಿತು. ಆ ವಿಯೋಗದುಃಖವು ಮುಂದೆ ಕೋಪವಾಗಿ ಬೆಳೆಯಿತು. 1975ರ ‘ದಿ ಮಂಕಿ ರೆಂಚ್ ಗ್ಯಾಂಗ್’ ಕಾದಂಬರಿಯಲ್ಲಿ ಒಬ್ಬ ಶಸ್ತ್ರವೈದ್ಯ, ಒಬ್ಬ ಯುವತಿ, ಒಬ್ಬ ದೋಣಿಗಾರ, ಯುದ್ಧದಿಂದ ಮರಳಿದ ಒಬ್ಬ ಸೈನಿಕ, ಹೀಗೆ ನಾಲ್ವರು ಸೇರಿ ನೆಲವನ್ನು ಅಗೆಯುವ ಯಂತ್ರಗಳನ್ನು ಗುಟ್ಟಾಗಿ ಕೆಡಿಸುತ್ತಾರೆ. ಮನುಷ್ಯರ ಪ್ರಾಣಕ್ಕೆ ಕೈಹಾಕಬಾರದೆಂಬುದು ಅವರ ಕಟ್ಟಳೆ. 1980ರಲ್ಲಿ ಹುಟ್ಟಿದ ‘ಅರ್ತ್ ಫಸ್ಟ್’ ಎಂಬ ಕೂಟಕ್ಕೆ ಈ ಕಾದಂಬರಿಯೇ ಸ್ಫೂರ್ತಿಯಾಯಿತು.

ಆಬಿಯ ವಾದವನ್ನು ಮೊದಲು ನ್ಯಾಯವಾಗಿ ಕೇಳಬೇಕು. ಕಳ್ಳನು ಕೊಡಲಿಯಿಂದ ಬಾಗಿಲನ್ನು ಮುರಿದು ಒಳನುಗ್ಗಿದರೆ ಗೃಹಸ್ಥನು ಕೈಕಟ್ಟಿ ಕುಳಿತಿರುವನೆ? ಮನೆಮಕ್ಕಳನ್ನು ಕಾಪಾಡುವುದು ಅವನ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ಕಾಡೂ ಮನುಷ್ಯನ ಮನೆಯೇ ಆಗಿರಲು, ಅದನ್ನು ಕಾಯುವುದೂ ಹಾಗೆಯೇ. ಜೀವಿಗಳನ್ನು ಬಾಧಿಸುವುದು ಹಿಂಸೆ. ನಿರ್ಜೀವವಾದ ಯಂತ್ರವನ್ನು ಕೆಡಿಸುವುದು ಅದಕ್ಕಿಂತ ಬೇರೆ ಎಂದು ಆತನು ಭೇದವನ್ನು ಕಲ್ಪಿಸಿದನು.

ಈ ಭೇದವು ಪೊಳ್ಳಲ್ಲ, ಆದರೆ ಸಾಲದು. ಮನೆಗೆ ನುಗ್ಗಿದವನು ಕಣ್ಣಿಗೆ ಕಾಣುವ ಅಪರಾಧಿ. ಯಂತ್ರವನ್ನು ನಡೆಸುವವನಾದರೋ ಹೊಟ್ಟೆಯ ಪಾಡಿಗಾಗಿ ದುಡಿಯುವ ಕೂಲಿಕಾರ. ಮರ ಕಡಿಯುವುದನ್ನು ತಡೆಯಲೆಂದು ಕಾಂಡಗಳಿಗೆ ಮೊಳೆ ಹೊಡೆಯುವ ಉಪಾಯವು ಆ ಕಾಲದಲ್ಲಿ ಬಳಕೆಗೆ ಬಂದಿತ್ತು. 1987ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಮರಕೊಯ್ಯುವ ಕಾರ್ಖಾನೆಯಲ್ಲಿ ಗರಗಸವು ಅಂತಹ ಮೊಳೆಗೆ ತಾಗಿ ಸಿಡಿದು, ಯುವಕನಾದ ಕಾರ್ಮಿಕನೊಬ್ಬನ ಮುಖವು ಭೀಕರವಾಗಿ ಗಾಯಗೊಂಡಿತು. ಮೊಳೆ ಹೊಡೆದವರು ಯಾರೆಂಬುದು ಗೊತ್ತಾಗಲಿಲ್ಲ. 1990ರಲ್ಲಿ ಆ ಸೀಮೆಯ ಅರ್ತ್ ಫಸ್ಟ್ ಕಾರ್ಯಕರ್ತರೇ ಈ ಉಪಾಯವನ್ನು ಬಹಿರಂಗವಾಗಿ ತ್ಯಜಿಸಿದರು. ಗುಟ್ಟಿನ ಕೃತ್ಯದ ದೋಷವು ಇಲ್ಲಿದೆ: ಮಾಡಿದವನು ಅದರ ಫಲವನ್ನು ಕಾಣುವುದಿಲ್ಲ, ಹೊರುವುದೂ ಇಲ್ಲ, ಹೊರುವವನು ಬೇರೊಬ್ಬ. ಆಬಿಯು ಮೆಚ್ಚಿದ್ದ ಥೋರೋ 1846ರಲ್ಲಿ ಕರವನ್ನು ಕೊಡಲೊಪ್ಪದೆ ತಾನೇ ಸೆರೆಮನೆಗೆ ಹೋದನು. ಗಾಂಧೀಜಿಯವರು ಉಪ್ಪನ್ನು ಎತ್ತಿದ್ದು ಹಗಲಿನಲ್ಲಿ, ಎಲ್ಲರ ಎದುರಿಗೆ. ಪ್ರತಿಭಟನೆಯ ಭಾರವು ತನ್ನ ಹೆಗಲ ಮೇಲೆಯೇ ಇದ್ದಾಗ ಅದು ತಪಸ್ಸು. ಪರರ ಮೇಲೆ ಬಿದ್ದಾಗ ಅದು ಬರಿಯ ಕೋಪ.

ಆಬಿಯ ನಡೆಯಲ್ಲಿಯೂ ಕೊರತೆಗಳಿದ್ದವು. ಹೆದ್ದಾರಿಯ ಬದಿಗೆ ಮದ್ಯದ ಡಬ್ಬಿಗಳನ್ನು ಎಸೆಯುವುದನ್ನು ಆತನು ಸಮರ್ಥಿಸಿಕೊಂಡನು; ನೆರೆದೇಶದಿಂದ ವಲಸೆ ಬರುವ ಬಡವರ ವಿಷಯದಲ್ಲಿ ಕಠೋರವಾಗಿ ಬರೆದನು. ಕಲ್ಲುಬಂಡೆಗಳ ಮೇಲೆ ಹರಿದ ಕರುಣೆಯು ಅವರ ಮೇಲೆ ಹರಿಯಲಿಲ್ಲ. 1989ರಲ್ಲಿ ಆತನು ತೀರಿಕೊಂಡಾಗ, ಅವನ ಇಚ್ಛೆಯಂತೆ ಗೆಳೆಯರು ಪೆಟ್ಟಿಗೆಯಿಲ್ಲದೆ ಮರುಭೂಮಿಯಲ್ಲಿ ಮಣ್ಣುಮಾಡಿದರು. ಆ ಸ್ಥಳವನ್ನು ಅವರು ಬಹಿರಂಗಪಡಿಸಲಿಲ್ಲ.

ಆದರೂ ಆತನ ಪ್ರಶ್ನೆಯು ಅವನೊಡನೆ ಹೂಳಲ್ಪಡಲಿಲ್ಲ. ದೀರ್ಘಕಾಲದ ಬರದಿಂದಲೂ ಮಿತಿಮೀರಿದ ಬಳಕೆಯಿಂದಲೂ 2023ರ ಆರಂಭದಲ್ಲಿ ಗ್ಲೆನ್ ಅಣೆಕಟ್ಟಿನ ಜಲಾಶಯವು ಕಾಲುಭಾಗಕ್ಕಿಂತ ಕೆಳಗಿಳಿಯಿತು. ಮುಳುಗಿದ್ದ ಪಕ್ಕದ ಕಣಿವೆಗಳು ಮತ್ತೆ ತೆರೆದುಕೊಂಡು, ಅಲ್ಲಿ ಎಳೆಮರಗಳು ಚಿಗುರಿದವು. ಇದನ್ನು ಮಾಡಿದ್ದು ಯಾರ ಸಿಡಿಮದ್ದೂ ಅಲ್ಲ. ಆ ನೀರನ್ನೂ ವಿದ್ಯುತ್ತನ್ನೂ ಬೇಡಿದವರು ದುಷ್ಟರಲ್ಲ, ಸಾಮಾನ್ಯ ಗೃಹಸ್ಥರು. ಮೇರೆಯಿಲ್ಲದ ಬೆಳವಣಿಗೆಯನ್ನು ಆಬಿಯು ಅರ್ಬುದರೋಗಕ್ಕೆ ಹೋಲಿಸಿದ್ದನು. ಆ ರೋಗದ ಬೇರು ಯಂತ್ರದಲ್ಲಿಲ್ಲ, ಸಾಕೆನ್ನಲರಿಯದ ಮನಸ್ಸಿನಲ್ಲಿದೆ. ಯಂತ್ರವನ್ನು ಮುರಿದರೆ ಇನ್ನೊಂದು ಯಂತ್ರವು ಬರುತ್ತದೆ. ತನ್ನ ಬಯಕೆಗೆ ತಾನೇ ಮೇರೆಯನ್ನು ಹಾಕಿಕೊಂಡವನಿಗೆ ಮಾತ್ರ ಕಣಿವೆಯ ಪರವಾಗಿ ಹಗಲಿನಲ್ಲಿ, ನಾಲ್ವರ ಎದುರಿಗೆ ನಿಂತು ಮಾತನಾಡುವ ಅಧಿಕಾರವು ಬರುತ್ತದೆ.