ಬಣ್ಣಕ್ಕಿರುವ ಬಲ

ಇಸ್ಪೀಟಿನಂಥ ಹಳೆಯ ಆಟ ಗಂಜೀಫಾದ ಎಲೆಯ ಹಿನ್ನೆಲೆಗೆ ಬಣ್ಣ ಬಳಿಯುವುದು ಅಂದಕ್ಕಷ್ಟೇ ಅಲ್ಲ. ದಶಾವತಾರದ ಕಟ್ಟಿನಲ್ಲಿ ಹತ್ತು ಪಂಗಡ, ಪಂಗಡಕ್ಕೆ 12 ಎಲೆ, ಒಟ್ಟು 120. ಕೈಗೆ ಬಂದ ದುಂಡನೆಯ ಎಲೆ ಯಾವ ಅವತಾರದ್ದೆಂದು ಆಟಗಾರನಿಗೆ ಮೊದಲು ಹೇಳುವುದೇ ಬಣ್ಣ. ಹಗಲಲ್ಲಿ ಆಡಿದರೆ ರಾಮನಿಂದ ಶುರು, ರಾತ್ರಿಯಾದರೆ ಕೃಷ್ಣನಿಂದ. ಅರ್ಧ ಪಂಗಡಗಳಲ್ಲಿ ರಾಜ, ಮಂತ್ರಿಯ ನಂತರ ಹತ್ತು ದೊಡ್ಡದು. ಉಳಿದರ್ಧದಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ ಒಂದೇ ದೊಡ್ಡದು. ಇಳಿದ ಎಲೆಯನ್ನು ಅದೇ ಪಂಗಡದ ಮೇಲಿನ ಎಲೆ ಮಾತ್ರ ಹೊಡೆಯಬಲ್ಲದು. ತುರುಪು ಇಲ್ಲ. ಯಾವ ಬಣ್ಣಕ್ಕೂ ಇನ್ನೊಂದು ಬಣ್ಣದ ಮೇಲೆ ಅಧಿಕಾರವಿಲ್ಲ.

ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಎಲೆಯಾಟ ಬೇರೆ ದಾರಿ ಹಿಡಿಯಿತು. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂಬ ಐದು ಬಣ್ಣಗಳಲ್ಲಿ, ಎದುರಾಳಿ ಹಾಕಿದ ಮಂತ್ರವನ್ನು ಫಲಿಸುವ ಮೊದಲೇ ರದ್ದು ಮಾಡುವುದು ಮುಖ್ಯವಾಗಿ ನೀಲಿಯ ಹಕ್ಕು. ಎರಡು ನೀಲಿ ಮನಾ (ಮಂತ್ರ ಹಾಕಲು ಬೇಕಾದ ಶಕ್ತಿ) ತೆತ್ತರೆ 'ಕೌಂಟರ್‌ಸ್ಪೆಲ್' ಬಹುತೇಕ ಯಾವ ಮಂತ್ರವನ್ನಾದರೂ ತಡೆಯುತ್ತದೆ. ಕೆಂಪಿಗೂ ಆ ಶಕ್ತಿ ಉಂಟು, ಆದರೆ ಹೆಚ್ಚಾಗಿ ನೀಲಿಯ ವಿರುದ್ಧ. ಬಿಳಿಯ 'ಮನಾ ಟೈದ್' ಸುಂಕದ ಕಟ್ಟೆಯಂಥದ್ದು: ಎದುರಾಳಿ ಇನ್ನೊಂದು ಮನಾ ಕಟ್ಟಿದರೆ ಮಂತ್ರ ದಾಟುತ್ತದೆ, ಇಲ್ಲವಾದರೆ ಅಲ್ಲಿಗೇ ಮುಗಿಯಿತು. ಬಣ್ಣವೆಂದರೆ ಸ್ವಭಾವ, ಬಣ್ಣವೆಂದರೆ ಮಿತಿ ಎಂಬುದು ಈ ಆಟವಾಡುವ ಹುಡುಗರಿಗೆ ಬಾಯಿಪಾಠ.

ನಮ್ಮ ಮೈಸೂರಿನಲ್ಲೂ ಒಬ್ಬರು ಗಂಜೀಫಾ ಬಣ್ಣಗಳ ಸಮಾನತೆಯನ್ನು ಮುರಿದಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ ಅವರೇ ಕಲ್ಪಿಸಿದ 'ಛದ' ಆಟಗಳಿವೆ. ಕೆಲವು ಕಟ್ಟುಗಳು 360 ಎಲೆಗಳವರೆಗೂ ಬೆಳೆದವು. ಹಳೆಯ ಗಂಜೀಫಾದಲ್ಲಿ ಇಲ್ಲದ ಶಾಶ್ವತ ತುರುಪಿನ ಪಂಗಡವನ್ನೂ ಅವರು ಕೆಲವು ಆಟಗಳಿಗೆ ತಂದರು. 1831ರಲ್ಲಿ ಬ್ರಿಟಿಷರು ಅವರಿಂದ ಆಡಳಿತವನ್ನು ಕಸಿದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಮರಳಿ ಅವರ ಕೈಸೇರಲಿಲ್ಲ. ರಾಜ್ಯದ ಕಾಗದಕ್ಕೆ 'ಬೇಡ' ಎನ್ನಲಾಗದ ದೊರೆ, ಎಲ್ಲವನ್ನೂ ಹೊಡೆಯಬಲ್ಲ ಎಲೆಗೆ ಆಟದಲ್ಲಿ ಜಾಗ ಕೊಟ್ಟರು. ಇವೆರಡಕ್ಕೂ ನಂಟಿತ್ತೆಂದು ಸಾಧಿಸಲು ನನ್ನಲ್ಲಿ ಪುರಾವೆಯಿಲ್ಲ, ಆದರೂ ಆ ಯೋಚನೆ ನನ್ನನ್ನು ಬಿಡುವುದಿಲ್ಲ.

ಛದ ಆಟಗಳು ಅರಮನೆಯ ಆಚೆ ಹರಡಿದಂತಿಲ್ಲ. ಎಲೆಗಳ ಚಿತ್ರಕಲೆ ಮಾತ್ರ ಉಳಿಯಿತು. ರಘುಪತಿ ಭಟ್ಟರಂಥ ಕಲಾವಿದರು ಅದಕ್ಕೆ ಮರುಜೀವ ಕೊಟ್ಟರು, ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಕಲೆ ಉಳಿದದ್ದು ದೊಡ್ಡ ಸಂತೋಷ. ಆದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಎಲೆ ಯಾರ ಎಲೆಯನ್ನು ಹೊಡೆಯಬೇಕು? ಆಟದ ನಿಯಮ ಮರೆತರೆ ಬಣ್ಣ ಬರೀ ಬಣ್ಣವೇ. ರಟ್ಟಿನ ಮೇಲೆ ಅಗ್ಗವಾಗಿ ಅಚ್ಚು ಹಾಕಿದ ಒಂದು ಕಟ್ಟು, ಜೊತೆಗೆ ತಿಳಿಗನ್ನಡದಲ್ಲಿ ಆಡುವ ಕ್ರಮ ಹೇಳುವ ನಾಲ್ಕು ಪುಟದ ಕೈಪಿಡಿ ನಮ್ಮ ಶಾಲೆಗಳಿಗೆ ಸಿಗಬೇಕು. 360 ಎಲೆಯ ಛದ ಆಮೇಲೆ ಬರಲಿ. ಈ ದಸರಾ ರಜೆಗೆ 120 ಎಲೆಯ ದಶಾವತಾರವೇ ಸಾಕು.